ಕಾರಿನ ಲೀಸ್: ನಡುದಾರಿಯಲ್ಲಿ ಇಳಿಯುವವರು ತೆರುವ ಬೆಲೆ

ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಮತ್ತು ಹಣಕಾಸು ಕಂಪನಿಗಳಲ್ಲಿ ಉದ್ಯೋಗಕ್ಕೆ ಸೇರುವ ಅನೇಕರಿಗೆ ನೇಮಕಾತಿ ಪತ್ರದ ಬೆನ್ನಿಗೇ ಇನ್ನೊಂದು ಆಮಂತ್ರಣ ಬರುತ್ತದೆ. ಸಾಲ ಮಾಡಿ ಕಾರು ಕೊಳ್ಳುವ ಬದಲು ಕಂಪನಿಯ ಮೂಲಕ ಲೀಸ್‌ಗೆ ಪಡೆಯಿರಿ; ದೊಡ್ಡ ಮುಂಗಡ ಬೇಕಿಲ್ಲ, ಬಾಡಿಗೆ ಸಂಬಳದಲ್ಲಿಯೇ ತೆರಿಗೆಗೆ ಮೊದಲು ಕಡಿತವಾಗುತ್ತದೆ, ವಿಮೆ ಮತ್ತು ದುರಸ್ತಿಯ ಚಿಂತೆಯನ್ನು ಬೇರೆಯವರು ನೋಡಿಕೊಳ್ಳುತ್ತಾರೆ ಎಂಬುದು ಅದರ ಸಾರಾಂಶ. ಮೂರು ಅಥವಾ ನಾಲ್ಕು ವರ್ಷಗಳ ನಂತರ ಕಾರನ್ನು ಹಿಂದಿರುಗಿಸಬಹುದು ಇಲ್ಲವೇ ಉಳಿಕೆ ಬೆಲೆ ಕೊಟ್ಟು ತಮ್ಮದಾಗಿಸಿಕೊಳ್ಳಬಹುದು. ಕಂಪನಿಗಳ ಹೊರಗೂ ಇದೇ ಬಗೆಯ ವ್ಯವಹಾರ ಬೆಳೆದಿದೆ. 2020ರಲ್ಲಿ ಮಾರುತಿ ಸುಜುಕಿ ಸಂಸ್ಥೆ ಚಂದಾದಾರಿಕೆಯ ಹೆಸರಿನಲ್ಲಿ ಇಂಥದೊಂದು ಯೋಜನೆಯನ್ನು ಆರಂಭಿಸಿದಾಗ ಪ್ರಯೋಗಕ್ಕೆ ಆಯ್ದುಕೊಂಡ ನಗರಗಳಲ್ಲಿ ಬೆಂಗಳೂರೂ ಒಂದು.

ಲೀಸ್ ಪೂರ್ಣಾವಧಿ ನಡೆದರೆ ಯಾರಿಗೂ ಹೆಚ್ಚಿನ ದೂರು ಇರುವುದಿಲ್ಲ. ಪ್ರಶ್ನೆ ಏಳುವುದು ಅದು ನಡುವೆ ಮುರಿದಾಗ. ನೌಕರಿ ಬದಲಾಗುತ್ತದೆ, ನೌಕರಿ ಹೋಗುತ್ತದೆ, ಬೇರೆ ಊರಿಗೆ ಅಥವಾ ಹೊರದೇಶಕ್ಕೆ ವರ್ಗವಾಗುತ್ತದೆ, ಮನೆಯಲ್ಲಿ ಕಾಯಿಲೆ ಬರುತ್ತದೆ. ಆಗ ಕೈಗೆ ಬರುವ ಲೆಕ್ಕದ ಚೀಟಿ, ಸಹಿ ಹಾಕುವಾಗ ತೋರಿಸಿದ ಆಕರ್ಷಕ ಕೋಷ್ಟಕದಲ್ಲಿ ಎಲ್ಲಿಯೂ ಇಲ್ಲದ ಮೊತ್ತವನ್ನು ಹೊತ್ತಿರುತ್ತದೆ. ಚಕ್ರವ್ಯೂಹದೊಳಗೆ ಹೋಗುವುದನ್ನಷ್ಟೇ ಕಲಿತ ಅಭಿಮನ್ಯುವಿನ ಸ್ಥಿತಿ ವಿದ್ಯಾವಂತ ಉದ್ಯೋಗಿಗಳದೂ ಆಗುತ್ತದೆ. ಇದು ವೈಯಕ್ತಿಕ ಅಜಾಗರೂಕತೆಯ ಫಲವೆಂದು ತಳ್ಳಿಹಾಕುವುದು ಸುಲಭ. ಆದರೆ ನಮ್ಮ ಕಾನೂನಿನಲ್ಲಿಯೇ ಇರುವ ಒಂದು ಬಿರುಕಿನ ಕಡೆಗೆ ಇದು ಬೆರಳು ತೋರಿಸುತ್ತದೆ.

ಮೊದಲಿಗೆ ಪದದ ಗೊಂದಲ. ಬೆಂಗಳೂರಿನವರಿಗೆ ಲೀಸ್ ಎಂದರೆ ಮನೆಯ ಭೋಗ್ಯ. ಒಂದಿಷ್ಟು ಲಕ್ಷ ಇಡುಗಂಟು ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಇಟ್ಟ ಹಣ ಹಿಂದಕ್ಕೆ ಪಡೆಯುವ ಪದ್ಧತಿ ಅದು. ಬಾಡಿಗೆ ಮನೆಯಾದರೆ ಹನ್ನೊಂದು ತಿಂಗಳ ಕರಾರು, ಒಂದೆರಡು ತಿಂಗಳ ಮುನ್ಸೂಚನೆ, ಸುಣ್ಣಬಣ್ಣದ ಖರ್ಚು. ಅಲ್ಲಿಗೆ ಋಣ ತೀರಿತು. ಮನೆಯನ್ನು ಬಿಟ್ಟ ಮಾತ್ರಕ್ಕೆ ಅದರ ಬೆಲೆ ಕುಗ್ಗುವುದಿಲ್ಲ, ಮಾಲೀಕ ಮರುತಿಂಗಳೇ ಮತ್ತೊಬ್ಬರಿಗೆ ಕೊಡುತ್ತಾನೆ. ಕಾರಿನ ಸಂಗತಿ ಬೇರೆ. ಅದು ಷೋರೂಮಿನಿಂದ ರಸ್ತೆಗಿಳಿದ ದಿನದಿಂದಲೇ ಸವೆಯುವ ಆಸ್ತಿ. ಸವಕಳಿಯ ದೊಡ್ಡ ಪಾಲು ಮೊದಲ ಒಂದೆರಡು ವರ್ಷಗಳಲ್ಲಿಯೇ ಆಗಿಹೋಗುತ್ತದೆ. ಲೀಸ್‌ನ ಬಾಡಿಗೆಯಾದರೋ ನಾಲ್ಕೂ ವರ್ಷ ಸಮಾನವಾಗಿ ಹಂಚಿಕೆಯಾಗಿರುತ್ತದೆ. ಅಂದರೆ ಮೊದಲ ವರ್ಷಗಳಲ್ಲಿ ಕಾರು ಕಳೆದುಕೊಂಡ ಮೌಲ್ಯಕ್ಕಿಂತ ಕಡಿಮೆ ಹಣ ಲೀಸ್ ಕಂಪನಿಯ ಕೈ ಸೇರಿರುತ್ತದೆ. ನಡುವೆ ಬಿಡುವವರು ಆ ಅಂತರವನ್ನು ತುಂಬಬೇಕಾಗುತ್ತದೆ.

ಒಂದು ಕಾಲ್ಪನಿಕ ಲೆಕ್ಕದಿಂದ ಇದನ್ನು ವಿವರಿಸಬಹುದು. ಕಾರಿನ ಬೆಲೆ 12 ಲಕ್ಷ ರೂಪಾಯಿ, ಅವಧಿ 48 ತಿಂಗಳು, ಕೊನೆಯಲ್ಲಿ ಉಳಿಕೆ ಮೌಲ್ಯ 3.6 ಲಕ್ಷ, ಲೀಸ್‌ನಲ್ಲಿ ಅಡಗಿರುವ ಬಡ್ಡಿ ವರ್ಷಕ್ಕೆ ಶೇ 12 ಎಂದಿಟ್ಟುಕೊಳ್ಳೋಣ. ತೆರಿಗೆ, ವಿಮೆ, ನಿರ್ವಹಣೆಗಳನ್ನು ಬದಿಗಿಟ್ಟರೆ ತಿಂಗಳ ಬಾಡಿಗೆ ಸುಮಾರು 25,720 ರೂಪಾಯಿ ಬರುತ್ತದೆ. 18 ತಿಂಗಳು ಕಟ್ಟಿದ ಮೇಲೆ ಉದ್ಯೋಗಿ ಹೊರಬರಬೇಕಾಯಿತು ಎನ್ನೋಣ. ಅಷ್ಟರಲ್ಲಿ ಆತ ಕೊಟ್ಟಿರುವುದು 4.63 ಲಕ್ಷ. ಇದರಲ್ಲಿ 1.94 ಲಕ್ಷ ಬಡ್ಡಿಗೆ ಹೋಗಿ, ಅಸಲಿಗೆ ಜಮೆಯಾಗಿರುವುದು 2.69 ಲಕ್ಷ ಮಾತ್ರ. ಲೀಸ್ ಕಂಪನಿಯ ಪುಸ್ತಕದಲ್ಲಿ ಇನ್ನೂ 9.31 ಲಕ್ಷ ಬಾಕಿ ಇದೆ. ಕಾರನ್ನು ಮಾರುಕಟ್ಟೆಯಲ್ಲಿ ಮಾರಿದರೆ 8.25 ಲಕ್ಷ ಬರುವುದಾದರೆ 1.06 ಲಕ್ಷ ರೂಪಾಯಿಯ ಕೊರತೆ ನಿಜವಾದ ಕೊರತೆ. ಕಾರನ್ನು ಬಳಸಿದವರು ಅದನ್ನು ಭರಿಸಬೇಕೆಂದು ಕೇಳುವುದು ಅನ್ಯಾಯವಲ್ಲ.

ಅನ್ಯಾಯದ ಸಾಧ್ಯತೆ ತಲೆದೋರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಉಳಿದ ಎಲ್ಲ ಬಾಡಿಗೆಗಳನ್ನೂ ಉಳಿಕೆ ಮೌಲ್ಯವನ್ನೂ ಕೂಡಿಸಿ ಕೊಟ್ಟರೆ ಮಾತ್ರ ಬಿಡುಗಡೆ ಎಂಬ ಸೂತ್ರವನ್ನು ಕರಾರು ಬಳಸಿದ್ದರೆ ಬೇಡಿಕೆ ಏನಾಗುತ್ತದೆ ನೋಡಿ. 30 ತಿಂಗಳ ಬಾಡಿಗೆ 7.72 ಲಕ್ಷ, ಉಳಿಕೆ 3.6 ಲಕ್ಷ, ಒಟ್ಟು 11.32 ಲಕ್ಷ. ಪುಸ್ತಕದಲ್ಲಿರುವ ಬಾಕಿಗಿಂತ ಇದು 2 ಲಕ್ಷ ರೂಪಾಯಿ ಹೆಚ್ಚು. ಈ ಎರಡು ಲಕ್ಷ ಮುಂದಿನ ಎರಡೂವರೆ ವರ್ಷಗಳಿಗೆ ಸಲ್ಲಬೇಕಾಗಿದ್ದ ಬಡ್ಡಿ. ಹಣ ಇಂದೇ ಹಿಂದಕ್ಕೆ ಬಂದ ಮೇಲೆ ಕಂಪನಿ ಅದನ್ನು ಮತ್ತೊಬ್ಬರಿಗೆ ಕೊಟ್ಟು ಮತ್ತೆ ಬಡ್ಡಿ ಗಳಿಸುತ್ತದೆ. ಒಂದೇ ಹಣಕ್ಕೆ ಒಂದೇ ಕಾಲದಲ್ಲಿ ಎರಡು ಬಡ್ಡಿ ಪಡೆಯುವುದನ್ನು ಯಾವ ಅರ್ಥಶಾಸ್ತ್ರವೂ ನಷ್ಟ ಪರಿಹಾರವೆಂದು ಕರೆಯುವುದಿಲ್ಲ. ಇದರ ಮೇಲೆ ಬಾಕಿಯ ಶೇ 5ರಷ್ಟು ಮುಕ್ತಾಯ ಶುಲ್ಕ ವಿಧಿಸಿದರೆ ಮತ್ತೆ 46,500 ರೂಪಾಯಿ. ಹೀಗೆ ನಿಜವಾದ ಸವಕಳಿ, ಇನ್ನೂ ಗಳಿಸಿರದ ಬಡ್ಡಿ, ಶುಲ್ಕ ಎಂಬ ಮೂರು ಬೇರೆ ಬೇರೆ ಸ್ವರೂಪದ ಹಣ ಒಂದೇ ಮೊತ್ತದೊಳಗೆ ಬೆರೆತುಹೋಗಿರುತ್ತದೆ. ಅವುಗಳನ್ನು ಬಿಡಿಸಿ ನೋಡುವ ಹಕ್ಕು ಲೀಸ್ ಪಡೆದವರಿಗೆ ಇದೆಯೇ ಎಂಬುದೇ ಇಲ್ಲಿನ ಮೂಲ ಪ್ರಶ್ನೆ.

ಲೀಸ್ ಇಷ್ಟೊಂದು ಜನಪ್ರಿಯವಾಗಲು ಸರ್ಕಾರದ ತೆರಿಗೆ ನೀತಿಯೂ ಕಾರಣ ಎಂಬುದನ್ನು ಮರೆಯಬಾರದು. ಉದ್ಯೋಗದಾತ ಒದಗಿಸಿದ ಕಾರನ್ನು ಕಚೇರಿಗೂ ಮನೆಗೂ ಬಳಸುವ ನೌಕರನ ವಿಷಯದಲ್ಲಿ, ಸೌಲಭ್ಯದ ಮೌಲ್ಯವನ್ನು 1962ರ ಆದಾಯ ತೆರಿಗೆ ನಿಯಮಾವಳಿ ಬಹುಕಾಲ ಅತಿ ಕಡಿಮೆಯಾಗಿ ಲೆಕ್ಕ ಹಾಕುತ್ತಿತ್ತು: 1.6 ಲೀಟರ್‌ವರೆಗಿನ ಎಂಜಿನ್‌ಗೆ ತಿಂಗಳಿಗೆ 1,800 ರೂಪಾಯಿ, ಅದಕ್ಕೂ ದೊಡ್ಡದಾದರೆ 2,400 ರೂಪಾಯಿ. 25 ಸಾವಿರದ ಬಾಡಿಗೆ ಸಂಬಳದಿಂದ ಕಳೆದುಹೋಗಿ, ತೆರಿಗೆಗೆ ಸೇರುತ್ತಿದ್ದುದು ಇಷ್ಟು ಮಾತ್ರ. ಶೇ 30ರ ಹಂತದಲ್ಲಿರುವವರಿಗೆ ಸೆಸ್ಸೂ ಸೇರಿ ತಿಂಗಳಿಗೆ ಏಳೆಂಟು ಸಾವಿರದ ಉಳಿತಾಯ. 2020ರಲ್ಲಿ ಬಂದು 2023-24ರಿಂದ ತಾನಾಗಿಯೇ ಅನ್ವಯವಾಗತೊಡಗಿದ ಹೊಸ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆ, ವಿಮೆ ಮತ್ತು ಭವಿಷ್ಯ ನಿಧಿಯ ವಿನಾಯಿತಿಗಳು ಇಲ್ಲವಾದವು. ಆದರೆ ಕಾರಿನ ಸೌಲಭ್ಯಕ್ಕೆ ಈ ಲೆಕ್ಕಾಚಾರ ಉಳಿದುಕೊಂಡಿತು. ಸಂಬಳದಾರರಿಗೆ ಉಳಿದಿದ್ದ ಕೆಲವೇ ಬಾಗಿಲುಗಳಲ್ಲಿ ಇದೊಂದು ಎಂದು ಜನ ಇತ್ತ ತಿರುಗಿದ್ದು ಸಹಜವೇ ಆಗಿದೆ. ಆದರೆ ಈ ಉಳಿತಾಯ ನೌಕರಿಯ ಜೊತೆಗೆ ಅಂಟಿಕೊಂಡಿದೆ. ನೌಕರಿ ಬಿಟ್ಟ ದಿನ ಉಳಿತಾಯವೂ ನಿಲ್ಲುತ್ತದೆ, ಬಾಕಿಯ ಬೇಡಿಕೆಯೂ ಏಳುತ್ತದೆ. ಆದಾಯ ನಿಲ್ಲುವ ಗಳಿಗೆಯಲ್ಲಿಯೇ ಸಾಲ ಪೂರ್ತಿಯಾಗಿ ತಲೆಯ ಮೇಲೆ ಬೀಳುವಂಥ ವ್ಯವಸ್ಥೆ ಇದು.

ಕಂಪನಿಯ ಮೂಲಕ ಪಡೆದ ಲೀಸ್‌ನಲ್ಲಿ ಮತ್ತೊಂದು ತೊಡಕು ಇದೆ. ಮುಖ್ಯ ಒಪ್ಪಂದ ಏರ್ಪಡುವುದು ಸಾಮಾನ್ಯವಾಗಿ ಉದ್ಯೋಗದಾತ ಮತ್ತು ಲೀಸ್ ಕಂಪನಿಯ ನಡುವೆ. ಕಾರು ಓಡಿಸುವ ನೌಕರ ತನ್ನ ಉದ್ಯೋಗದಾತನಿಗೆ ಒಂದು ಮುಚ್ಚಳಿಕೆ ಬರೆದುಕೊಡುತ್ತಾನೆ: ನಾನು ನಡುವೆ ಬಿಟ್ಟರೆ ಆಗುವ ಎಲ್ಲ ಖರ್ಚಿಗೂ ನಾನೇ ಹೊಣೆ ಎಂದು. ಮುಖ್ಯ ಒಪ್ಪಂದದ ಪ್ರತಿಯನ್ನು ಆತ ನೋಡಿಯೇ ಇರುವುದಿಲ್ಲ. ಮುಕ್ತಾಯದ ಮೊತ್ತವನ್ನು ಲೀಸ್ ಕಂಪನಿ ಹೇಳುತ್ತದೆ, ಉದ್ಯೋಗದಾತ ಅಂತಿಮ ಲೆಕ್ಕದಲ್ಲಿ ಮುರಿದುಕೊಳ್ಳುತ್ತಾನೆ, ಹಣ ಕಳೆದುಕೊಂಡವನು ಇಬ್ಬರಲ್ಲಿ ಯಾರನ್ನು ಕೇಳಬೇಕೆಂದು ತಿಳಿಯದೆ ನಿಲ್ಲುತ್ತಾನೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ನೌಕರಿ ಬಿಟ್ಟವರ ಅಥವಾ ತೆಗೆದುಹಾಕಲ್ಪಟ್ಟವರ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ವೇತನದಿಂದ ಮಾಡುವ ಒಟ್ಟು ಕಡಿತ ಅದರ ಅರ್ಧವನ್ನು ಮೀರುವಂತಿಲ್ಲ. ಲಕ್ಷಗಟ್ಟಲೆ ರೂಪಾಯಿಯನ್ನು ಒಂದೇ ಏಟಿಗೆ ಮುರಿದುಕೊಳ್ಳುವ ರೂಢಿ ಇನ್ನು ಮುಂದೆ ಈ ಕಲಮಿಗೆ ಉತ್ತರ ಹೇಳಬೇಕಾಗುತ್ತದೆ.

ಈಗ ಕಾನೂನಿನ ಬಿರುಕಿನ ಕಡೆಗೆ ಬರೋಣ. ಇದೇ ವ್ಯಕ್ತಿ ಬ್ಯಾಂಕಿನಿಂದ ಸಾಲ ಪಡೆದಿದ್ದರೆ ಆತನ ಬೆನ್ನಿಗೆ ರಿಸರ್ವ್ ಬ್ಯಾಂಕ್ ಇರುತ್ತಿತ್ತು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸುವವರಿಂದ ಶುಲ್ಕ ಪಡೆಯಬಾರದೆಂದು 2012ರಲ್ಲಿ ಬ್ಯಾಂಕುಗಳಿಗೆ ಆದೇಶವಾಯಿತು. 2014ರಲ್ಲಿ ಅದು ವ್ಯಕ್ತಿಗಳು ಪಡೆದ ಅಂಥ ಎಲ್ಲ ಅವಧಿ ಸಾಲಗಳಿಗೂ ವಿಸ್ತರಿಸಿತು. 2025ರ ಜುಲೈನಲ್ಲಿ ಹೊರಡಿಸಿದ ಹೊಸ ನಿರ್ದೇಶನಗಳು 2026ರ ಜನವರಿ 1ರಿಂದ ಮಂಜೂರಾಗುವ ಸಾಲಗಳಿಗೆ ಅನ್ವಯಿಸುತ್ತವೆ. ಕಾರು ಸಾಲಗಳಲ್ಲಿ ಬಹುಪಾಲು ನಿಗದಿತ ಬಡ್ಡಿಯವಾದ್ದರಿಂದ ಅವುಗಳ ಮೇಲೆ ಮುಂಗಡ ತೀರುವಳಿಯ ಶುಲ್ಕ ಇಂದಿಗೂ ಇರಬಹುದು, ನಿಜ. ಆದರೆ ಅಲ್ಲಿಯೂ 2024ರ ಅಕ್ಟೋಬರ್ 1ರಿಂದ ಪ್ರತಿಯೊಂದು ಚಿಲ್ಲರೆ ಅವಧಿ ಸಾಲದ ಜೊತೆ ಮುಖ್ಯ ಅಂಶಗಳ ವಿವರ ಪತ್ರವನ್ನು ಕೊಡಲೇಬೇಕು. ವಾರ್ಷಿಕ ವೆಚ್ಚದ ದರ, ಎಲ್ಲ ಶುಲ್ಕಗಳು, ಅಸಲು ಬಡ್ಡಿಯ ಕಂತುವಾರು ಪಟ್ಟಿ ಅದರಲ್ಲಿರಬೇಕು. ಲೀಸ್ ಎನ್ನುವುದು ಆರ್ಥಿಕ ಸ್ವರೂಪದಲ್ಲಿ ಸಾಲದ ಸೋದರನೇ ಆದರೂ ಕಾನೂನಿನ ಕಣ್ಣಿಗೆ ಅದು ಬಾಡಿಗೆ. ಆದ್ದರಿಂದ ಈ ರಕ್ಷಣೆಗಳು ಅದರ ಹೊಸ್ತಿಲಲ್ಲಿಯೇ ನಿಂತುಬಿಡುತ್ತವೆ.

ವಿಚಿತ್ರವೆಂದರೆ ಹೊಣೆ ಹೊರಿಸುವಾಗ ಕಾನೂನು ಬೇರೆಯೇ ಮಾತನಾಡುತ್ತದೆ. 1988ರ ಮೋಟಾರು ವಾಹನಗಳ ಕಾಯ್ದೆಯ 2(30)ನೇ ಕಲಮು ಲೀಸ್ ಒಪ್ಪಂದದಡಿ ವಾಹನವನ್ನು ಸ್ವಾಧೀನದಲ್ಲಿಟ್ಟುಕೊಂಡವರನ್ನೇ ಅದರ ಮಾಲೀಕರೆಂದು ಹೇಳುತ್ತದೆ. ಹೊಣೆಯ ಪ್ರಶ್ನೆ ಬಂದಾಗ ಮಾಲೀಕ, ಹೊರಬರುವ ಪ್ರಶ್ನೆ ಬಂದಾಗ ಬಾಡಿಗೆದಾರ, ಬಾಕಿಯ ಪ್ರಶ್ನೆ ಬಂದಾಗ ಸಾಲಗಾರ. ಮೂರು ಪಾತ್ರಗಳ ಭಾರವೂ ಒಬ್ಬರ ಹೆಗಲಿಗೆ. ಮೂರರ ಹಕ್ಕುಗಳಲ್ಲಿ ಒಂದೂ ಪೂರ್ತಿಯಾಗಿ ಕೈಗಿಲ್ಲ.

ಹಾಗೆಂದು ನಮ್ಮ ಶಾಸನಕರ್ತರಿಗೆ ಈ ಸಮಸ್ಯೆ ಹೊಳೆದೇ ಇರಲಿಲ್ಲ ಎನ್ನುವಂತಿಲ್ಲ. ಕಂತಿನ ಮೇಲೆ ಸರಕು ಕೊಳ್ಳುವವರ ರಕ್ಷಣೆಗೆ ಬ್ರಿಟನ್ 1938ರಲ್ಲಿಯೇ ಬಾಡಿಗೆ-ಖರೀದಿ ಕಾಯ್ದೆ ಮಾಡಿತ್ತು. ಕಂತು ತಪ್ಪಿದ ತಕ್ಷಣ ವ್ಯಾಪಾರಿಗಳು ವಸ್ತುವನ್ನು ಎಳೆದೊಯ್ಯುತ್ತಿದ್ದ ಕಾಲದಲ್ಲಿ ಎಲೆನ್ ವಿಲ್ಕಿನ್ಸನ್ ಎಂಬ ಸಂಸದೆ ಖಾಸಗಿ ಮಸೂದೆಯಾಗಿ ಅದನ್ನು ತಂದಿದ್ದರು. ನಮ್ಮಲ್ಲಿ ಕಾನೂನು ಆಯೋಗ 1961ರ ತನ್ನ 20ನೇ ವರದಿಯಲ್ಲಿ ಈ ವಿಷಯವನ್ನು ಪರಿಶೀಲಿಸಿತು. ಸಂಸತ್ತು 1972ರಲ್ಲಿ ಬಾಡಿಗೆ-ಖರೀದಿ ಕಾಯ್ದೆಯನ್ನು ಅಂಗೀಕರಿಸಿತು. ಹದಿನಾಲ್ಕು ದಿನಗಳ ಲಿಖಿತ ಸೂಚನೆ ಕೊಟ್ಟು ವಸ್ತುವನ್ನು ಹಿಂದಿರುಗಿಸಿ ಒಪ್ಪಂದವನ್ನು ಯಾವಾಗ ಬೇಕಾದರೂ ಮುಗಿಸುವ ಹಕ್ಕು, ಅವಧಿಗೆ ಮೊದಲೇ ಪೂರ್ತಿ ಹಣ ಕೊಟ್ಟು ಕೊಳ್ಳುವವರಿಗೆ ಮುಂದಿನ ಅವಧಿಯ ಶುಲ್ಕದಲ್ಲಿ ರಿಯಾಯಿತಿ, ಎರಡೂ ಅದರಲ್ಲಿದ್ದವು. ಇಂದು ನಾವು ಕೇಳುತ್ತಿರುವುದು ಬಹುಮಟ್ಟಿಗೆ ಇದನ್ನೇ.

ಆ ಕಾಯ್ದೆಯ ಗತಿಯೇನಾಯಿತು? ಜಾರಿಯ ದಿನಾಂಕ 1973ರಲ್ಲಿ ಪ್ರಕಟವಾಯಿತು, ಮುಂದಕ್ಕೆ ಹೋಯಿತು, ಕೊನೆಗೆ ಅಧಿಸೂಚನೆಯನ್ನೇ ಹಿಂತೆಗೆದುಕೊಳ್ಳಲಾಯಿತು. ಮೂರು ದಶಕಗಳಿಗೂ ಹೆಚ್ಚು ಕಾಲ ಅದು ಶಾಸನ ಪುಸ್ತಕದಲ್ಲಿ ನಿದ್ರಿಸಿತು. 2005ರಲ್ಲಿ ಸಂಸತ್ತು ಇನ್ನೊಂದು ಕಾಯ್ದೆ ಮಾಡಿ ಅದನ್ನು ರದ್ದುಪಡಿಸಿತು. ಒಂದು ದಿನವೂ ಜಾರಿಯಾಗದೆ ಸತ್ತ ಕಾಯ್ದೆ ಅದು. ಬಾಡಿಗೆ-ಖರೀದಿ ಪದ್ಧತಿ ಹಿಂದೆ ಸರಿದು ಬ್ಯಾಂಕ್ ಸಾಲ ಸುಲಭವಾಗಿದ್ದ ಆ ದಿನಗಳಲ್ಲಿ ಯಾರಿಗೂ ಅದರ ಕೊರತೆ ಕಾಡಲಿಲ್ಲ. ಎರಡು ದಶಕಗಳ ನಂತರ ಅದೇ ಪದ್ಧತಿ ಲೀಸ್ ಮತ್ತು ಚಂದಾದಾರಿಕೆಯ ಹೊಸ ಉಡುಪಿನಲ್ಲಿ ಮರಳಿ ಬಂದಿದೆ. ರಕ್ಷಣೆ ಮಾತ್ರ ಮರಳಿ ಬಂದಿಲ್ಲ.

ಉಳಿದಿರುವುದು ಸಾಮಾನ್ಯ ಕಾನೂನು. 1872ರ ಕರಾರು ಕಾಯ್ದೆಯ 74ನೇ ಕಲಮು ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ ಅದರ ಮಿತಿಯೊಳಗೆ ನ್ಯಾಯವಾದ ಪರಿಹಾರ ಮಾತ್ರ ಸಲ್ಲುತ್ತದೆ ಎನ್ನುತ್ತದೆ. 1963ರ ಫತೇ ಚಂದ್ ಪ್ರಕರಣದಿಂದ 2015ರ ಕೈಲಾಸ್ ನಾಥ್ ಅಸೋಸಿಯೇಟ್ಸ್ ಪ್ರಕರಣದವರೆಗೆ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸುತ್ತ ಬಂದಿದೆ. ನಷ್ಟವೇ ಆಗದಿದ್ದಲ್ಲಿ ಪರಿಹಾರವೂ ಇಲ್ಲ ಎಂಬುದು ಎರಡನೆಯ ತೀರ್ಪಿನ ತಿರುಳು. ಆದರೆ ಲೀಸ್ ಕಂಪನಿಯ ವಕೀಲರ ಬಳಿ ಒಂದು ಜಾಣ ಉತ್ತರವಿದೆ. ಅವಧಿಪೂರ್ವ ಮುಕ್ತಾಯ ಕರಾರಿನ ಉಲ್ಲಂಘನೆಯೇ ಅಲ್ಲ. ಕರಾರೇ ಕೊಟ್ಟಿರುವ ಒಂದು ಆಯ್ಕೆ. ಶುಲ್ಕ ಆ ಆಯ್ಕೆಯ ಬೆಲೆಯೇ ಹೊರತು ದಂಡವಲ್ಲ ಎಂದು ಅವರು ವಾದಿಸಬಹುದು. ನೌಕರಿ ಕಳೆದುಕೊಂಡವನಿಗೆ ಅದು ಎಂಥ ಆಯ್ಕೆ ಎಂಬುದು ಬೇರೆ ಮಾತು.

2020ರ ಜುಲೈನಲ್ಲಿ ಜಾರಿಯಾದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿದೆ. ಅನ್ಯಾಯದ ಕರಾರು ಎಂಬ ಹೊಸ ಕಲ್ಪನೆಯನ್ನು ಅದು ತಂದಿದೆ. ಆದ ನಷ್ಟಕ್ಕೆ ತೀರ ಅಸಮಾನವಾದ ದಂಡ ವಿಧಿಸುವ ಕರಾರು ಈ ವ್ಯಾಖ್ಯೆಯೊಳಗೆ ಬರುತ್ತದೆ. ಆದರೆ ಇಂಥ ಕರಾರನ್ನು ಪ್ರಶ್ನಿಸುವ ದೂರನ್ನು ಜಿಲ್ಲಾ ಆಯೋಗದಲ್ಲಿ ಸಲ್ಲಿಸುವಂತಿಲ್ಲ. ರಾಜ್ಯ ಆಯೋಗಕ್ಕೇ ಹೋಗಬೇಕು. ಹುಬ್ಬಳ್ಳಿಯ ಅಥವಾ ಮಂಗಳೂರಿನ ಉದ್ಯೋಗಿ ಒಂದೆರಡು ಲಕ್ಷದ ವಿವಾದಕ್ಕೆ ತನ್ನ ಜಿಲ್ಲೆಯ ಆಯೋಗವನ್ನು ದಾಟಿ ಹೋಗಬೇಕೆಂದರೆ ಅನೇಕರು ಹಣ ಕಟ್ಟಿ ಸುಮ್ಮನಾಗುತ್ತಾರೆ. ಜೊತೆಗೆ, ಒಪ್ಪಂದ ಎರಡು ಕಂಪನಿಗಳ ನಡುವಿನ ವಾಣಿಜ್ಯ ವ್ಯವಹಾರ, ನೌಕರ ಇಲ್ಲಿ ಗ್ರಾಹಕನೇ ಅಲ್ಲ ಎಂಬ ಆಕ್ಷೇಪಣೆಯನ್ನೂ ಆತ ಎದುರಿಸಬೇಕು.

ಲೀಸ್‌ನ ತವರಾದ ಅಮೆರಿಕ ಈ ಪ್ರಶ್ನೆಯನ್ನು ಹೇಗೆ ನಿಭಾಯಿಸಿದೆ ಎಂಬುದು ನಮಗೆ ಪಾಠವಾಗಬೇಕು. ಅಲ್ಲಿ 1976ರಷ್ಟು ಹಿಂದೆಯೇ ಗ್ರಾಹಕ ಲೀಸ್ ಕಾಯ್ದೆ ಬಂದಿತು. ಅವಧಿಗೆ ಮೊದಲು ಮುಗಿಸಿದರೆ ತೆರಬೇಕಾದ ಶುಲ್ಕ, ನಿರೀಕ್ಷಿತ ಅಥವಾ ವಾಸ್ತವ ಹಾನಿಯ ಬೆಳಕಿನಲ್ಲಿ ನ್ಯಾಯಸಮ್ಮತವಾಗಿರಬೇಕು ಎಂದು ಆ ಕಾಯ್ದೆ ನೇರವಾಗಿ ಹೇಳುತ್ತದೆ. ಅದರಡಿ ರಚಿತವಾದ ನಿಯಮಾವಳಿಯ ಪ್ರಕಾರ ಪ್ರತಿಯೊಂದು ಕಾರು ಲೀಸ್‌ನ ವಿವರ ಪತ್ರದಲ್ಲಿಯೂ ಎಚ್ಚರಿಕೆಯ ಮಾತೊಂದು ಎದ್ದು ಕಾಣುವಂತೆ ಇರಲೇಬೇಕು: ಬೇಗ ಮುಗಿಸಿದರೆ ಭಾರಿ ಶುಲ್ಕ ಬೀಳಬಹುದು, ಅದು ಹಲವು ಸಾವಿರ ಡಾಲರ್ ಆಗಬಹುದು, ಎಷ್ಟು ಬೇಗ ಮುಗಿಸುತ್ತೀರೋ ಅಷ್ಟು ಹೆಚ್ಚಾಗುವ ಸಂಭವವಿದೆ ಎಂಬರ್ಥದ ಮಾತು. ಶುಲ್ಕವನ್ನು ಲೆಕ್ಕ ಹಾಕುವ ವಿಧಾನವನ್ನೂ ತಿಳಿಸಬೇಕು. ಇಷ್ಟೇ ಅಲ್ಲ, 2003ರ ಸೈನಿಕರ ಪರಿಹಾರ ಕಾಯ್ದೆಯ ಪ್ರಕಾರ 180 ದಿನ ಅಥವಾ ಅದಕ್ಕೂ ಹೆಚ್ಚು ಕಾಲದ ನಿಯೋಜನೆಯ ಮೇಲೆ ತೆರಳುವ ಯೋಧ ಮುಕ್ತಾಯ ಶುಲ್ಕವಿಲ್ಲದೆ ಕಾರಿನ ಲೀಸ್ ಮುಗಿಸಬಹುದು. ತನ್ನ ಕೈಮೀರಿದ ಕಾರಣದಿಂದ ಹೊರಬರುವವರನ್ನೂ ಹೊಸ ಮಾದರಿಯ ಕಾರಿನ ಆಸೆಗೆ ಹೊರಬರುವವರನ್ನೂ ಕಾನೂನು ಒಂದೇ ತಕ್ಕಡಿಯಲ್ಲಿ ತೂಗಬೇಕಿಲ್ಲ ಎಂಬ ತತ್ವ ಇದರಲ್ಲಿದೆ.

ಅಮೆರಿಕದಲ್ಲಿಯೂ ಎಲ್ಲವೂ ನೆಟ್ಟಗಿದೆ ಎಂದಲ್ಲ. ಅಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುವವರ ಕಷ್ಟ ನಮ್ಮ ನಾಡಿನ ಎಷ್ಟೋ ಮನೆಗಳಿಗೆ ಪರಿಚಿತ. ಕೆಲಸ ಹೋದರೆ ಅವರಿಗೆ ಸಿಗುವುದು ಹೆಚ್ಚೆಂದರೆ 60 ದಿನಗಳ ಅವಕಾಶ. ಈ ನಿಯಮ 2017ರ ಜನವರಿಯಿಂದ ಜಾರಿಯಲ್ಲಿದೆ. 2022ರ ನವೆಂಬರಿನಲ್ಲಿ ಮೆಟಾ 11,000 ಜನರನ್ನೂ 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನೂ ಕೆಲಸದಿಂದ ತೆಗೆಯುವುದಾಗಿ ಘೋಷಿಸಿದಾಗ, ಇಂಥ ವೀಸಾದವರು ಎರಡು ತಿಂಗಳಲ್ಲಿ ಹೊಸ ಕೆಲಸ ಹುಡುಕಬೇಕಿತ್ತು, ಇಲ್ಲವೇ ಮನೆ, ಮಕ್ಕಳ ಶಾಲೆ, ಲೀಸ್ ಕಾರು ಎಲ್ಲವನ್ನೂ ಬಿಡಿಸಿಕೊಂಡು ಹೊರಡಬೇಕಿತ್ತು. ಸೈನಿಕನಿಗೆ ಇರುವ ರಿಯಾಯಿತಿ ಇವರಿಗಿಲ್ಲ. ಆದರೂ ಶುಲ್ಕ ಹೇಗೆ ಬಂತೆಂಬ ವಿವರ ಅವರು ಸಹಿ ಹಾಕಿದ ಕಾಗದದಲ್ಲಿ ಮೊದಲೇ ಇರುತ್ತದೆ. ನಮ್ಮಲ್ಲಿ ಅಷ್ಟೂ ಇಲ್ಲ.

ಮಾರುಕಟ್ಟೆಯ ಏರಿಳಿತ ಯಾರ ಪಾಲಿಗೆ ಎಂಬ ಪ್ರಶ್ನೆಗೂ ಅಮೆರಿಕದ ಅನುಭವದಲ್ಲಿ ಉತ್ತರವಿದೆ. ಕೋವಿಡ್ ನಂತರ ಚಿಪ್‌ಗಳ ಕೊರತೆಯಿಂದ 2021ರಲ್ಲಿ ಅಲ್ಲಿ ಹಳೆಯ ಕಾರುಗಳ ಬೆಲೆ ವಿಪರೀತ ಏರಿತು. ಲೀಸ್ ಕಾರಿನ ಮಾರುಕಟ್ಟೆ ಬೆಲೆ ಬಾಕಿಗಿಂತ ಹೆಚ್ಚಾಯಿತು. ನಡುವೆ ಮುಗಿಸಿ ಕಾರನ್ನು ಬೇರೆ ವ್ಯಾಪಾರಿಗೆ ಮಾರಿ ಲಾಭ ಮಾಡಿಕೊಳ್ಳುವ ಅವಕಾಶ ಲೀಸ್ ಪಡೆದವರಿಗೆ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಒದಗಿತು. ಆಗ ಹಲವು ಲೀಸ್ ಕಂಪನಿಗಳು ಹೊರಗಿನ ವ್ಯಾಪಾರಿಗಳಿಗೆ ಹಾಗೆ ಮಾರುವುದನ್ನು ನಿರ್ಬಂಧಿಸಿದವು. ನಷ್ಟವಾದರೆ ಗ್ರಾಹಕನದು, ಲಾಭವಾದರೆ ಕಂಪನಿಯದು ಎಂಬ ಏಕಮುಖ ನ್ಯಾಯ ಇದು. ನಮ್ಮಲ್ಲಿ ಗಾಳಿ ತದ್ವಿರುದ್ಧ ದಿಕ್ಕಿನಲ್ಲಿ ಬೀಸಿತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು, ಪರಿಹಾರ ಸೆಸ್ ರದ್ದಾಯಿತು. ಹೊಸ ಕಾರು ಕೊಳ್ಳುವವರಿಗೆ ಇದು ಹಬ್ಬದ ಉಡುಗೊರೆ. ಆದರೆ ಹೊಸ ಕಾರು ಅಗ್ಗವಾದರೆ ಹಳೆಯ ಕಾರನ್ನು ಹಳೆಯ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ಅದಕ್ಕೆ ಮೊದಲು ಲೀಸ್ ಪಡೆದವರ ಬಾಕಿಯಾದರೋ ಹಳೆಯ ಬೆಲೆಯ ಮೇಲೆಯೇ ನಿಂತಿದೆ. ಅವರು ಇಂದು ಹೊರಬಂದರೆ ಸರ್ಕಾರದ ತೆರಿಗೆ ತೀರ್ಮಾನದ ಫಲವನ್ನೂ ಅವರೇ ಉಣ್ಣಬೇಕು.

ಇದಕ್ಕೆ ಲೀಸ್ ಕಂಪನಿಗಳ ಕಡೆಯಿಂದಲೂ ನ್ಯಾಯವಾದ ಮಾತೊಂದಿದೆ. ಅವರೂ ಬ್ಯಾಂಕುಗಳಿಂದ ನಿಗದಿತ ಅವಧಿಗೆ ಹಣ ತಂದಿರುತ್ತಾರೆ. ಯಾರು ಬೇಕಾದರೂ ಯಾವಾಗ ಬೇಕಾದರೂ ಕೀಲಿಕೈ ಹಿಂದಿರುಗಿಸಿ ಹೋಗಬಹುದು ಎಂದಾದರೆ, ಆ ಅಪಾಯದ ವೆಚ್ಚ ಎಲ್ಲರ ಬಾಡಿಗೆಯಲ್ಲಿಯೂ ಸೇರಿಕೊಳ್ಳುತ್ತದೆ. ನಾಲ್ಕು ವರ್ಷ ನಿಷ್ಠೆಯಿಂದ ಕಟ್ಟುವವರು ನಡುವೆ ಬಿಡುವವರ ಹೊರೆಯನ್ನು ಹೊರಬೇಕಾಗುತ್ತದೆ. ಅರ್ಥಶಾಸ್ತ್ರದ ದೃಷ್ಟಿಯಿಂದ ಈ ವಾದ ಸರಿ. ಹೊರಬರುವ ಹಕ್ಕು ಉಚಿತವಾಗಿ ಬರುವುದಿಲ್ಲ, ಬರಲೂಬಾರದು. ಬ್ರಿಟನ್ ತನ್ನ 1974ರ ಗ್ರಾಹಕ ಸಾಲ ಕಾಯ್ದೆಯಲ್ಲಿ ಇದಕ್ಕೊಂದು ಮಧ್ಯಮ ಮಾರ್ಗ ಕಂಡುಕೊಂಡಿತು: ಬಾಡಿಗೆ-ಖರೀದಿಯಲ್ಲಿ ಒಟ್ಟು ಬೆಲೆಯ ಅರ್ಧದವರೆಗೆ ಹೊಣೆ ತೀರಿಸಿದರೆ ವಸ್ತುವನ್ನು ಹಿಂದಿರುಗಿಸಿ ಬಿಡುಗಡೆ ಪಡೆಯಬಹುದು. ಅದೇ ಕಾಯ್ದೆ ಶುದ್ಧ ಬಾಡಿಗೆಯ ಒಪ್ಪಂದಗಳಿಗೆ 18 ತಿಂಗಳ ನಂತರ ಹೊರಬರುವ ಹಕ್ಕು ಕೊಟ್ಟರೂ, ವರ್ಷಕ್ಕೆ 1,500 ಪೌಂಡ್ ಮೀರಿದ ಬಾಡಿಗೆಗೆ ಅದು ಅನ್ವಯಿಸದು. ಆದ್ದರಿಂದ ಕಾರು ಲೀಸ್ ಪಡೆದ ಬಹುತೇಕರಿಗೆ ಅದರ ಪ್ರಯೋಜನವಿಲ್ಲ. ಹಕ್ಕನ್ನು ಕೊಟ್ಟು ಮಿತಿಯಲ್ಲಿ ಕಸಿದುಕೊಳ್ಳುವ ಶಾಸನ ಹೇಗಿರುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಹೀಗಾಗಿ ಬೇಡಿಕೆ ಹೊರಬರುವುದು ಪುಕ್ಕಟೆಯಾಗಬೇಕು ಎಂಬುದಲ್ಲ. ಅದರ ಬೆಲೆ ಒಳಹೋಗುವ ಮೊದಲೇ ತಿಳಿದಿರಬೇಕು ಮತ್ತು ಅದು ನಿಜವಾದ ನಷ್ಟವನ್ನು ಮೀರಬಾರದು ಎಂಬುದಷ್ಟೇ. ಇದಕ್ಕೆ ಕಠಿಣವಾದ ಕ್ರಮಗಳೇನೂ ಬೇಕಿಲ್ಲ. ಮೊದಲನೆಯದಾಗಿ, ಸಾಲಗಳಿಗಿರುವ ವಿವರ ಪತ್ರವನ್ನು ವಾಹನ ಲೀಸ್‌ಗೂ ಕಡ್ಡಾಯ ಮಾಡಬೇಕು. 6, 12, 18, 24, 36 ತಿಂಗಳಿಗೆ ಬಿಟ್ಟರೆ ಎಷ್ಟು ಕೊಡಬೇಕು, ಅದರಲ್ಲಿ ಸವಕಳಿ ಎಷ್ಟು, ಬಡ್ಡಿ ಎಷ್ಟು, ಶುಲ್ಕ ಎಷ್ಟು ಎಂಬ ಕೋಷ್ಟಕ ಒಂದೇ ಪುಟದಲ್ಲಿ, ಕನ್ನಡದಲ್ಲಿಯೂ ಇರಬೇಕು. ಎರಡನೆಯದಾಗಿ, ಇನ್ನೂ ಗಳಿಸಿರದ ಬಡ್ಡಿಯನ್ನು ವಸೂಲು ಮಾಡುವುದನ್ನು ನಿಷೇಧಿಸಿ, ಕಾರನ್ನು ಮಾರಿ ಬಂದ ಹಣವನ್ನು ಬಾಕಿಗೆ ವಜಾ ಹಾಕಿಕೊಳ್ಳುವುದನ್ನು ಕಡ್ಡಾಯ ಮಾಡಬೇಕು; ಹೆಚ್ಚು ಬಂದರೆ ಹಿಂದಕ್ಕೆ ಕೊಡಬೇಕು. ಮೂರನೆಯದಾಗಿ, ಉದ್ಯೋಗದಾತನೇ ಕೆಲಸದಿಂದ ತೆಗೆದಾಗ ಮತ್ತು ನೌಕರ ಮರಣ ಹೊಂದಿದಾಗ ಮುಕ್ತಾಯ ಶುಲ್ಕವನ್ನು ನೌಕರನ ಅಥವಾ ಆತನ ಕುಟುಂಬದ ಮೇಲೆ ಹೇರಬಾರದು. ಲೀಸ್ ಯೋಜನೆಯನ್ನು ಮುಂದಿಟ್ಟವನು ಉದ್ಯೋಗದಾತ, ಉದ್ಯೋಗ ಮುಗಿಸಿದವನೂ ಆತನೇ. ಆ ವೆಚ್ಚದಲ್ಲಿ ಆತನಿಗೂ ಪಾಲಿರಬೇಕು. ನಾಲ್ಕನೆಯದಾಗಿ, ಅನ್ಯಾಯದ ಕರಾರಿನ ದೂರುಗಳನ್ನು ಸಣ್ಣ ಮೊತ್ತಗಳಲ್ಲಿ ಜಿಲ್ಲಾ ಆಯೋಗವೇ ವಿಚಾರಿಸುವಂತೆ ಗ್ರಾಹಕ ಕಾಯ್ದೆಗೆ ತಿದ್ದುಪಡಿ ತರಬೇಕು.

ಕಾನೂನು ಬದಲಾಗುವವರೆಗೆ ಓದುಗರು ತಾವೇ ಎಚ್ಚರದಿಂದಿರುವುದು ಅನಿವಾರ್ಯ. ಸಹಿ ಹಾಕುವ ಮೊದಲು ಮುಖ್ಯ ಒಪ್ಪಂದದ ಮುಕ್ತಾಯದ ಕಲಮನ್ನು ಕೇಳಿ ಓದಬೇಕು. ಹದಿನೆಂಟನೆಯ ತಿಂಗಳಿಗೆ ಬಿಟ್ಟರೆ ಎಷ್ಟಾಗುತ್ತದೆ ಎಂಬ ಒಂದೇ ಪ್ರಶ್ನೆಗೆ ಲಿಖಿತ ಉತ್ತರ ಪಡೆಯಬೇಕು. ಲೀಸನ್ನು ಹೊಸ ಉದ್ಯೋಗದಾತನಿಗೆ ಅಥವಾ ಅದೇ ಕಂಪನಿಯ ಇನ್ನೊಬ್ಬ ನೌಕರನಿಗೆ ವರ್ಗಾಯಿಸಬಹುದೇ ಎಂದು ತಿಳಿದುಕೊಳ್ಳಬೇಕು. ಹಲವು ಸಂದರ್ಭಗಳಲ್ಲಿ ಅತಿ ಕಡಿಮೆ ಖರ್ಚಿನ ದಾರಿ ಇದೇ. ಬಿಡಲೇಬೇಕಾಗಿ ಬಂದಾಗ ಕಾರನ್ನು ಹಿಂದಿರುಗಿಸುವುದು ಲಾಭವೋ, ಬಾಕಿ ಕೊಟ್ಟು ಕೊಂಡು ಹೊರಗೆ ಮಾರುವುದು ಲಾಭವೋ ಎಂಬುದನ್ನು ಎರಡು ಮೂರು ಕಡೆ ಬೆಲೆ ವಿಚಾರಿಸಿ ತೀರ್ಮಾನಿಸಬೇಕು. ತೆರಿಗೆಯ ಉಳಿತಾಯವನ್ನು ಲೆಕ್ಕ ಹಾಕುವಾಗ ನಾಲ್ಕು ವರ್ಷ ಇದೇ ನೌಕರಿಯಲ್ಲಿರುವ ಸಂಭವ ಎಷ್ಟು ಎಂಬುದನ್ನೂ ಪ್ರಾಮಾಣಿಕವಾಗಿ ಲೆಕ್ಕಕ್ಕೆ ಹಿಡಿಯಬೇಕು. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರಿಗೆ ನಾಲ್ಕು ವರ್ಷದ ಲೀಸ್ ಹೊಂದುವ ಉಡುಪಲ್ಲ.

ಹಿಂದಿನ ತಲೆಮಾರು ಒಂದೇ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತಿಯ ಹೊತ್ತಿಗೆ ಸಾಲವಿಲ್ಲದೆ ಮನೆಗೆ ಹೋಗುವುದನ್ನು ಘನತೆಯೆಂದು ಭಾವಿಸಿತ್ತು. ಇಂದಿನ ನೌಕರಿ ಅಷ್ಟು ಸ್ಥಿರವಲ್ಲ. ನೌಕರಿ ಯಾವ ದಿನ ಬೇಕಾದರೂ ಮುಗಿಯಬಹುದು, ಆದರೆ ಅದನ್ನು ನಂಬಿ ಬರೆದುಕೊಟ್ಟ ಕರಾರು ಮಾತ್ರ ನಾಲ್ಕು ವರ್ಷ ಅಲುಗಾಡಬಾರದು ಎನ್ನುವುದು ಸಮತೂಕದ ವ್ಯವಸ್ಥೆಯಲ್ಲ. 1972ರಲ್ಲಿ ಸಂಸತ್ತು ಒಪ್ಪಿ, ಒಂದು ದಿನವೂ ಜಾರಿಯಾಗದೆ ಕೈಬಿಟ್ಟ ತತ್ವವನ್ನು ಇಂದಿನ ಲೀಸ್‌ಗೆ ಹೊಂದುವಂತೆ ಮತ್ತೆ ಬರೆಯಲು ಕೇಂದ್ರ ಸರ್ಕಾರಕ್ಕೂ ರಿಸರ್ವ್ ಬ್ಯಾಂಕಿಗೂ ಇದು ಸಕಾಲ.